ವಾಕಿಂಗ್ ಗುಂಪಿದ್ದೂ ತೂಕ ಯಾಕೆ ನಿಂತಿದೆ?

ಸರ್, ವಯಸ್ಸು 48, ಕುಂದವಾಡ ಕೆರೆ ಹತ್ತಿರ ಗೆಳೆಯರ ಜೊತೆ ದಿನಾ 45 ನಿಮಿಷ ನಡೆದರೂ 3 ಕೆಜಿ ಇಳಿದ ಮೇಲೆ ತೂಕ ಅಲ್ಲಾಡ್ತಿಲ್ಲ, ವಾಕ್ ಮುಗಿಸಿ ವಾರಕ್ಕೆ ಮೂರು ದಿನ ಬೆಣ್ಣೆ ದೋಸೆ ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಆ ನಡಿಗೆಗೆ ಕರಗೋದು ಸುಮಾರು 200 ಕ್ಯಾಲೊರಿ. 30 ಗ್ರಾಂ ಬೆಣ್ಣೆಯಲ್ಲೇ ಅದಕ್ಕಿಂತ ತುಸು ಜಾಸ್ತಿ. ಪೂರ್ತಿ ಬಿಡಿ ಅನ್ನಲ್ಲ, ಬಿಟ್ರೆ ಗುಂಪೇ ಒಡೆಯುತ್ತೆ! ಭಾನುವಾರ ಮಾತ್ರ ಇಟ್ಕೊಳ್ಳಿ. ಈ ವಯಸ್ಸಲ್ಲಿ ಸ್ನಾಯು ಸವೆಯುತ್ತೆ, ಬರೀ ನಡಿಗೆ ಸಾಲದು: ವಾರಕ್ಕೆರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರೋದು, 10ರಂತೆ ಮೂರು ಸುತ್ತು. ದೊಡ್ಡ ಗುಂಪಲ್ಲಿ ಒಬ್ಬ ಚಕ್ಕರ್ ಹೊಡೆದ್ರೆ ಯಾರೂ ಕೇಳಲ್ಲ. ಇಬ್ಬಿಬ್ಬರ ಜೋಡಿ ಮಾಡಿ, ಬರದಿದ್ರೆ ಜೋಡಿಯವರೇ ಫೋನ್ ಮಾಡ್ಲಿ. ತೂಕ ಶನಿವಾರ ಬೆಳಿಗ್ಗೆ ಬರಿಹೊಟ್ಟೇಲಿ, ಜೊತೆಗೆ ಸೊಂಟದ ಅಳತೆ. ಶುಗರ್ ಮಾತ್ರೆ ತಗೋತಿದ್ರೆ ಊಟ ಕಡಿಮೆ ಮಾಡೋ ಮುಂಚೆ ಡಾಕ್ಟರನ್ನ ಕೇಳಿ.