ಸ್ನ್ಯಾಪ್‌ಶಾಟ್ ಅನುಮತಿ: ಹೆದರಬೇಕಾದ್ದು ಡಿಲೀಟ್‌ಗೆ ಅಲ್ಲ

ಪ್ರಶ್ನೆ: ನಮ್ಮಲ್ಲಿ ವರ್ಚುವಲ್ ಮಷಿನ್‌ಗಳನ್ನು (ಒಂದೇ ಸರ್ವರಿನಲ್ಲಿ ಸಾಫ್ಟ್‌ವೇರ್ ಮೂಲಕ ಓಡುವ ಕಂಪ್ಯೂಟರ್‌ಗಳು) ನಿರ್ವಹಿಸಲು ವಿಎಂವೇರ್ ವಿಸೆಂಟರ್ ಇದೆ. ಸ್ನ್ಯಾಪ್‌ಶಾಟ್ (ಮಷಿನ್ ಆ ಕ್ಷಣ ಹೇಗಿದೆಯೋ ಅದನ್ನು ಉಳಿಸಿಡುವುದು) ತೆಗೆದುಕೊಡಿ ಎಂದು ಟೆಸ್ಟಿಂಗ್ ಟೀಮಿನವರು ದಿನಾ ಕೇಳುತ್ತಾರೆ. ಅಡ್ಮಿನ್ ಹಕ್ಕು ಕೊಡಲು ಭಯ. ಡಿಲೀಟ್ ಒಂದನ್ನು ಬಿಟ್ಟು ಉಳಿದದ್ದನ್ನು ಅವರಿಗೇ ಕೊಡಬಹುದೇ?

ಉತ್ತರ: ಅಡ್ಮಿನ್ ಹಕ್ಕು ಖಂಡಿತ ಬೇಡ. ಹೊಸ ರೋಲ್ (ಅನುಮತಿಗಳ ಗುಂಪು) ಒಂದನ್ನು ಮಾಡಿ. ವರ್ಚುವಲ್ ಮಷಿನ್ ವಿಭಾಗದಲ್ಲಿ ಸ್ನ್ಯಾಪ್‌ಶಾಟ್ ಮ್ಯಾನೇಜ್‌ಮೆಂಟ್ ಕೆಳಗೆ ಕ್ರಿಯೇಟ್, ರಿಮೂವ್ (ಅಂದರೆ ಡಿಲೀಟ್), ರೀನೇಮ್, ರಿವರ್ಟ್ (ಸ್ನ್ಯಾಪ್‌ಶಾಟ್ ತೆಗೆದಾಗಿನ ಸ್ಥಿತಿಗೆ ಮರಳುವುದು) ಎಂಬ 4 ಆಯ್ಕೆಗಳಿವೆ. ಬೇಕಾದಕ್ಕೆ ಮಾತ್ರ ಟಿಕ್ ಹಾಕಬಹುದು.

ಆದರೆ ಡಿಲೀಟ್ ತಡೆಯುವುದು ಬೇಡ ಅಂತೀನಿ. ಹೆಸರು ಕೇಳಿದರೆ ಭಯ ಆಗುತ್ತದೆ, ನಿಜ. ಸ್ನ್ಯಾಪ್‌ಶಾಟ್ ಡಿಲೀಟ್ ಮಾಡಿದರೆ ಮಷಿನ್ ಈಗ ಹೇಗಿದೆಯೋ ಹಾಗೇ ಇರುತ್ತದೆ. ಸ್ನ್ಯಾಪ್‌ಶಾಟ್ ನಂತರದ ಬದಲಾವಣೆಗಳನ್ನು ಬರೆದಿಡುವ ಡೆಲ್ಟಾ ಫೈಲಿನಲ್ಲಿದ್ದ ಬದಲಾವಣೆಗಳು ಹಿಂದಿನ ಡಿಸ್ಕಿಗೆ ಸೇರುತ್ತವೆ. ಹೋಗುವುದು ಹಿಂದಕ್ಕೆ ಮರಳುವ ದಾರಿ ಮಾತ್ರ. ರಿವರ್ಟ್ ಹಾಗಲ್ಲ. ಬೆಳಿಗ್ಗೆ 10ಕ್ಕೆ ಸ್ನ್ಯಾಪ್‌ಶಾಟ್ ತೆಗೆದು ಸಂಜೆ 5ಕ್ಕೆ ರಿವರ್ಟ್ ಒತ್ತಿದರೆ ನಡುವಿನ 7 ಗಂಟೆಯ ಕೆಲಸ ಮಾಯ. ಅದೇ ಮಷಿನ್ನಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರೆ ಅವರದ್ದೂ ಹೋಯಿತು. ಹಾಗಾಗಿ ಮಷಿನ್ ಹಂಚಿಕೊಳ್ಳುವ ಟೀಮಿನಲ್ಲಿ ರಿವರ್ಟ್ ಹಕ್ಕು ಒಬ್ಬಿಬ್ಬರ ಕೈಯಲ್ಲಿದ್ದರೆ ಸಾಕು.

ಕ್ರಿಯೇಟ್ ಕೊಟ್ಟು ರಿಮೂವ್ ಕೊಡದಿದ್ದರೆ ಸ್ನ್ಯಾಪ್‌ಶಾಟ್‌ಗಳು ಸುಮ್ನೆ ರಾಶಿ ಬೀಳುತ್ತವೆ. ಡೆಲ್ಟಾ ಫೈಲ್ ಬೆಳೆದು ಬೆಳೆದು ಮೂಲ ಡಿಸ್ಕಿನಷ್ಟೇ ದೊಡ್ಡದಾಗಬಹುದು. ಡೇಟಾಸ್ಟೋರ್ (ಮಷಿನ್‌ಗಳ ಫೈಲುಗಳನ್ನು ಇಡುವ ಸ್ಟೋರೇಜ್) ತುಂಬಿದರೆ ಅದರಲ್ಲಿರುವ ಬೇರೆ ಮಷಿನ್‌ಗಳೂ ನಿಂತುಬಿಡಬಹುದು. ಒಂದರ ಮೇಲೊಂದು ತೆಗೆದ ಸ್ನ್ಯಾಪ್‌ಶಾಟ್‌ಗಳ ಒಂದು ಸರಣಿಯಲ್ಲಿ 32ರವರೆಗೆ ಅವಕಾಶವಿದೆ. ಆದರೂ 2-3ಕ್ಕಿಂತ ಜಾಸ್ತಿ ಬೇಡ, ಯಾವುದನ್ನೂ 72 ಗಂಟೆ ದಾಟಿಸಬೇಡಿ ಎನ್ನುವುದು ವಿಎಂವೇರ್‌ನದೇ ಸಲಹೆ.

ಇನ್ನೊಂದು ವಿಷಯ ಹಲವರಿಗೆ ತಪ್ಪಿಹೋಗುತ್ತದೆ. ಮೆಮೊರಿ (ಓಡುತ್ತಿರುವ ಮಷಿನ್‌ನ ರ‍್ಯಾಮ್) ಸೇರಿಸದೆ ತೆಗೆದ ಸ್ನ್ಯಾಪ್‌ಶಾಟ್‌ಗೆ ರಿವರ್ಟ್ ಮಾಡಿದರೆ ಮಷಿನ್ ಆಫ್ ಆಗಿ ನಿಲ್ಲುತ್ತದೆ. ಇಂಟರಾಕ್ಷನ್ ಕೆಳಗಿನ ಪವರ್ ಆನ್ ಹಕ್ಕನ್ನೂ ಕೊಡದಿದ್ದರೆ, ಆನ್ ಮಾಡಿಕೊಡಿ ಅಂತ ಮತ್ತೆ ನಿಮಗೇ ಫೋನ್ ಬರುತ್ತದೆ, ಅಲ್ವಾ?

ಟೆಸ್ಟ್ ಮಷಿನ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ. ಈ ರೋಲನ್ನು ಒಬ್ಬೊಬ್ಬರಿಗೆ ಬೇಡ, ಗ್ರೂಪಿಗೆ ಕೊಡಿ. ಅದೂ ಆ ಫೋಲ್ಡರಿನ ಮೇಲೆ ಮಾತ್ರ. ಒಳಗಿನವಕ್ಕೂ ಅನ್ವಯಿಸುವ ಆಯ್ಕೆಗೆ ಟಿಕ್ ಹಾಕಲು ಮರೆಯಬೇಡಿ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆಸುವ ಕೆಲಸ ಅನುಮತಿಯಿಂದ ಆಗದು. ಅದಕ್ಕೆ ವಿಸೆಂಟರ್‌ನಲ್ಲೇ ಸ್ನ್ಯಾಪ್‌ಶಾಟ್ ಗಾತ್ರದ ಮೇಲೆ ಅಲಾರ್ಮ್ ಇಡಬಹುದು. ರೋಲ್ ಕೊಡುವ ದಿನವೇ ಅದನ್ನೂ ಇಟ್ಟುಬಿಡಿ.