ಉರಿಮೂತ್ರಕ್ಕೆ ಆರು ತಿಂಗಳು ಮಾತ್ರೆ ಬೇಕಾ?

ಪ್ರಶ್ನೆ: ನನಗೆ 56 ವರ್ಷ. ಮುಟ್ಟು ನಿಂತು ಐದು ವರ್ಷ ಆಯಿತು. ಈ ವರ್ಷ ನಾಲ್ಕು ಸಲ ಉರಿಮೂತ್ರ ಬಂತು. ಎರಡು ಸಲ ಮೆಡಿಕಲ್ ಶಾಪ್‌ನಲ್ಲೇ ಕೇಳಿ ಮಾತ್ರೆ ತಗೊಂಡೆ. ಈಗ ಡಾಕ್ಟರು ನೈಟ್ರೋಫ್ಯುರಾಂಟೊಯಿನ್ 100 ಮಿ.ಗ್ರಾಂ ದಿನಕ್ಕೆರಡು, ಐದು ದಿನ ಕೊಟ್ಟಿದ್ದಾರೆ. ಆಮೇಲೆ ರಾತ್ರಿ 50 ಮಿ.ಗ್ರಾಂ, ಆರು ತಿಂಗಳು ಅಂದಿದ್ದಾರೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದೆ. ಕಿಡ್ನಿ ಹಾಳಾಗಲ್ವಾ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಬಣ್ಣದ ಭಯ ಬಿಡಿ. ಈ ಮಾತ್ರೆ ತಗೊಂಡರೆ ಮೂತ್ರ ಕಡು ಹಳದಿ ಅಥವಾ ಕಂದು ಆಗುವುದು ಮಾಮೂಲು. ನಿಲ್ಲಿಸಿದರೆ ಸರಿಹೋಗುತ್ತದೆ. ಆದರೆ ಕಣ್ಣೂ ಹಳದಿಯಾದರೆ ಅದು ಲಿವರ್ ತೊಂದರೆ. ಆಗ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಈ ಮಾತ್ರೆ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೇಗ ಕಿಡ್ನಿ ದಾಟಿ ಮೂತ್ರಕೋಶದಲ್ಲಿ ಸೇರಿಕೊಳ್ಳುತ್ತದೆ. ಸೋಂಕಿಗೆ ಮುಖ್ಯ ಕಾರಣವಾದ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಇರುವುದೂ ಅಲ್ಲೇ. ಹಾಗಾಗಿ ಮೂತ್ರಕೋಶದ ಸೋಂಕಿಗೆ ಇದು ಒಳ್ಳೆಯ ಮದ್ದು. ಚಳಿಜ್ವರ ಬಂದು ಪಕ್ಕೆ, ಸೊಂಟ ನೋಯುತ್ತಿದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ಅದಕ್ಕೆ ಈ ಮಾತ್ರೆ ಸಾಲದು. ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಕಿಡ್ನಿ ಮೊದಲೇ ಸೋತಿದ್ದರೆ ಮಾತ್ರೆ ಮೂತ್ರಕ್ಕೆ ಸರಿಯಾಗಿ ಇಳಿಯುವುದಿಲ್ಲ, ಮೈಯಲ್ಲೇ ಉಳಿದು ನರಗಳಿಗೆ ತೊಂದರೆ ಕೊಡುತ್ತದೆ. ಅದಕ್ಕೇ ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ಆಗಿದೆಯಾ ಕೇಳಿ. ಶುಗರ್ ಕೂಡ ನೋಡಿಸಿ. ತಿಂಗಳುಗಟ್ಟಲೆ ತಗೊಳ್ಳುವವರ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಶ್ವಾಸಕೋಶ ಮತ್ತು ಲಿವರ್‌ದು. ಅಪರೂಪ, ಆದರೆ ಆಗುತ್ತದೆ. ಬಿಡದ ಒಣಕೆಮ್ಮು, ಏದುಸಿರು, ಕಾಲು ಜುಮ್ಮೆನ್ನುವುದು ಕಂಡರೆ ತಡಮಾಡದೆ ಡಾಕ್ಟರಿಗೆ ಹೇಳಿ. ನಡುನಡುವೆ ಲಿವರ್ ಪರೀಕ್ಷೆಯೂ ಬೇಕು.

ಊಟದ ಜೊತೆ ತಗೊಳ್ಳಿ. ವಾಕರಿಕೆ ಕಡಿಮೆ, ಮದ್ದು ಮೈಗೆ ಹತ್ತುವುದೂ ಜಾಸ್ತಿ. ಇನ್ನೊಂದು ಮಾತು, ನಮ್ಮಲ್ಲಿ ಉರಿಗೆ ಅಂತ ಸಿಟ್ರೇಟ್ ಸಿರಪ್ ಕುಡಿಯುವ ರೂಢಿ ಇದೆ. ಅದು ಮೂತ್ರದ ಹುಳಿ ಕಡಿಮೆ ಮಾಡುತ್ತದೆ. ಈ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಹುಳಿ ಮೂತ್ರದಲ್ಲಿ. ಎರಡೂ ಒಟ್ಟಿಗೆ ಬೇಡ.

ಹಾಗಾದರೆ ಆರು ತಿಂಗಳು ಬೇಕಾ? ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಮರುಕಳಿಸುವ ಸೋಂಕು ಅನ್ನುತ್ತೇವೆ. ನಿಮ್ಮದು ಆ ಲೆಕ್ಕಕ್ಕೆ ಬರುತ್ತದೆ. ಡಾಕ್ಟರು ಬರೆದದ್ದು ತಪ್ಪಲ್ಲ. ಆದರೂ ನಾನಾಗಿದ್ದರೆ ಮೊದಲು ಈಸ್ಟ್ರೋಜೆನ್ (ಮುಟ್ಟು ನಿಂತ ಮೇಲೆ ಕಡಿಮೆಯಾಗುವ ಹೆಣ್ಣಿನ ಹಾರ್ಮೋನ್) ಕ್ರೀಮ್ ಬಗ್ಗೆ ಮಾತಾಡುತ್ತಿದ್ದೆ. ಮುಟ್ಟು ನಿಂತ ಮೇಲೆ ಯೋನಿಯ ಒಳಪದರ ತೆಳುವಾಗುತ್ತದೆ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಕೆಟ್ಟವಕ್ಕೆ ಜಾಗ ಸಿಗುವುದು ಆಗಲೇ. ಯೋನಿಯೊಳಗೆ ಹಚ್ಚುವ ಈ ಕ್ರೀಮ್ ಆ ಜಾಗವನ್ನೇ ಸರಿಮಾಡುತ್ತದೆ. ಎಷ್ಟೋ ಹೆಂಗಸರು ನಾಚಿಕೆಯಿಂದ ಇದನ್ನು ಕೇಳುವುದೇ ಇಲ್ಲ. ನೀವು ಕೇಳಿ. ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ತಿಳಿಸಿ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಂಡದ್ದು ಮಾತ್ರ ಸರಿಯಲ್ಲ. ಮುಂದೆ ಉರಿ ಬಂದರೆ ಮಾತ್ರೆ ನುಂಗುವ ಮುಂಚೆ ಯೂರಿನ್ ಕಲ್ಚರ್‌ಗೆ ಕೊಡಿ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಕೊಟ್ಟರೆ ಯಾವ ಬ್ಯಾಕ್ಟೀರಿಯಾ, ಯಾವ ಮದ್ದಿಗೆ ಬಗ್ಗುತ್ತದೆ ಅನ್ನುವುದು ಸಿಗದೇ ಹೋಗಬಹುದು. ಉರಿ, ಜ್ವರ ಏನೂ ಇಲ್ಲದಾಗ ಸುಮ್ನೆ ಕಲ್ಚರ್ ಮಾಡಿಸಬೇಡಿ. ನಿಮ್ಮ ವಯಸ್ಸಿನಲ್ಲಿ ತೊಂದರೆಯೇ ಕೊಡದ ಬ್ಯಾಕ್ಟೀರಿಯಾ ಮೂತ್ರದಲ್ಲಿ ಸಿಗುವುದುಂಟು. ಅದಕ್ಕೆ ಮದ್ದು ಬೇಕಿಲ್ಲ.