ಗಣಪತಿ ಬಂದ್ರೆ ಊರು ಬಿಡಬೇಕಾ?

ತುಮಕೂರಿನಿಂದ ಪುಣೆಗೆ ಬಂದು ಎರಡು ತಿಂಗಳಾಯಿತು, ವಾಕಡ್‌ನಲ್ಲಿ ಮನೆ, ಐದು ವರ್ಷದ ಮಗ ಇದ್ದಾನೆ ಎಂದು ಬರೆದಿದ್ದೀರಿ. ಇಲ್ಲಿಯ ಹಬ್ಬಗಳಲ್ಲಿ ಏನೇನು ನೋಡಬೇಕು, ಗಣಪತಿ ಹೊತ್ತಿಗೆ ಊರು ಬಿಟ್ಟು ಹೋಗಿ ಅಂತ ಆಫೀಸಿನವರು ಹೇಳುತ್ತಾರೆ, ನಿಜವಾ ಅಕ್ಕಾ ಎಂದೂ ಕೇಳಿದ್ದೀರಿ.

ಹಾಗೆ ಹೇಳಿದವರು ಕಾರಿನಲ್ಲಿ ಓಡಾಡುವವರೇ ಇರಬೇಕು, ವಿಚಾರಿಸಿ ನೋಡಿ. ನಾನು ಹಾಸನದಿಂದ ಬಂದು 19 ವರ್ಷವಾಯಿತು. ಮೊದಲನೇ ವರ್ಷ ನನಗೂ ಇದೇ ಬುದ್ಧಿ ಹೇಳಿದ್ದರು, ನಾನು ಕೇಳಲಿಲ್ಲ. ಅನಂತ ಚತುರ್ದಶಿಯ ದಿನ, ಅಂದರೆ ಗಣಪತಿ ಬಿಡುವ ದಿನ, ಸ್ಕೂಟರ್ ತಗೊಂಡು ಹೋಗಿ ಡೆಕ್ಕನ್ ಹತ್ತಿರ ಒಂದು ಗಲ್ಲಿಯಲ್ಲಿ ನಿಲ್ಲಿಸಿದೆ. ಒಂದು ಗಂಟೆ ಮೆರವಣಿಗೆ ನೋಡಿ ಬಂದುಬಿಡೋಣ ಅಂತ. ಅಷ್ಟರಲ್ಲಿ ಗಲ್ಲಿಯ ಎರಡೂ ಕಡೆ ಬ್ಯಾರಿಕೇಡ್ ಬಿತ್ತು. ರಾತ್ರಿ ಕೊಥ್ರೂಡ್ ತನಕ ನಡೆದುಕೊಂಡು ಮನೆ ಸೇರಿದೆ. ಸ್ಕೂಟರ್ ಕೈಗೆ ಸಿಕ್ಕಿದ್ದು ಮರುದಿನ ಸಂಜೆ. ಅವತ್ತೇ ಒಂದು ಪಾಠ ಕಲಿತೆ. ಇಲ್ಲಿ ಯಾವ ದಿನ ಹೋಗುತ್ತೀರಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನುವುದು ಮುಖ್ಯ. ಗಾಡಿಯಂತೂ ಮನೆಯಲ್ಲೇ ಇರಲಿ.

ಮೊದಲು ಗೋಡೆಗೆ ಒಂದು ಕಾಲನಿರ್ಣಯ ಕ್ಯಾಲೆಂಡರ್ ನೇತುಹಾಕಿ. ಮರಾಠಿಯದ್ದೇ ತಗೊಳ್ಳಿ, ಓದುವ ರೂಢಿಯೂ ಆಗುತ್ತದೆ. ತಿಂಗಳುಗಳು ನಮ್ಮವೇ. ಅವರ ವದ್ಯ ಅಂದರೆ ನಮ್ಮ ಬಹುಳ. ನಮ್ಮ ಯುಗಾದಿಯ ದಿನವೇ ಅವರ ಗುಢಿ ಪಾಡವಾ. ಇಷ್ಟೆಲ್ಲ ಒಂದೇ ಆಗಿರುವುದರಿಂದಲೇ ಗೌರಿ ಹಬ್ಬದಲ್ಲಿ ನಾನು ಮೋಸ ಹೋದೆ.

ನಮ್ಮ ಕಡೆ ಗೌರಿ ಮೊದಲು ತವರಿಗೆ ಬರುತ್ತಾಳೆ, ಕರೆದುಕೊಂಡು ಹೋಗಲು ಮರುದಿನ ಮಗ ಬರುತ್ತಾನೆ, ಅಲ್ವಾ? ಇಲ್ಲಿ ಮಗ ಮೊದಲು ಬಂದು ಕೂರುತ್ತಾನೆ. ಕೆಲವು ದಿನ ಬಿಟ್ಟು ಗೌರಿ ಬರುತ್ತಾಳೆ. ಅದೂ ಒಬ್ಬಳೇ ಅಲ್ಲ, ಬಹಳ ಮನೆಗಳಲ್ಲಿ ಇಬ್ಬರು. ಒಂದು ದಿನ ಬರುವುದು, ಒಂದು ದಿನ ಪೂಜೆ ಮತ್ತು ಊಟ, ಮೂರನೇ ದಿನ ಹೊರಡುವುದು. ಇದು ಗೊತ್ತಿಲ್ಲದೆ ನಾನು ತದಿಗೆಯ ದಿನ ಬಾಗಿನದ ಮೊರ ಹಿಡಿದು ಪಕ್ಕದ ಮನೆ ಕಾಕೂ (ಚಿಕ್ಕಮ್ಮ ಅಂತ) ಬಾಗಿಲು ತಟ್ಟಿದೆ. ಅವರಿಗೆ ಅವತ್ತು ಹರತಾಲಿಕಾ, ಕಟ್ಟುನಿಟ್ಟಿನ ಉಪವಾಸ. ಅಕ್ಕಿ, ಬೇಳೆ, ಬೆಲ್ಲ ತುಂಬಿದ ಮೊರ ನೋಡಿ ಅವರು ನಕ್ಕುಬಿಟ್ಟರು. ನಾನು ಮನೆಗೆ ಬಂದು ಅತ್ತುಬಿಟ್ಟೆ. ಊರು ಬಿಟ್ಟು ಬಂದ ಹೊಸದು ನೋಡಿ, ಸಣ್ಣದಕ್ಕೂ ಅಳು ಬರುತ್ತಿತ್ತು. ಅವರ ಗೌರಿ ಬಂದ ಮೇಲೆ ಅವರೇ ನನ್ನನ್ನು ಕರೆದು ಪುರಣಪೋಳಿ ಬಡಿಸಿದರು. ಈಗ ನಮ್ಮ ಮನೆಯಲ್ಲಿ ಗೌರಿ ಎರಡು ಸಲ. ತದಿಗೆಗೆ ನಮ್ಮದು, ಆಮೇಲೆ ಕಾಕೂ ಮನೆಯದ್ದು.

ಇನ್ನು ಗಣಪತಿ. ಹತ್ತು ದಿನವೂ ಊರಲ್ಲೇ ಇರಿ. ಪುಣೆಯ ಪೇಠೆಗಳಲ್ಲಿ, ಅಂದರೆ ಹಳೇ ಊರಿನ ಕೇರಿಗಳಲ್ಲಿ, ಮೊದಲ ಮರ್ಯಾದೆ ಪಡೆಯುವ ಮಾನದ ಗಣಪತಿಗಳು ಐದು, ಮೆರವಣಿಗೆಯಲ್ಲಿ ಅದರ ಕ್ರಮ ಬದಲಾಗುವಂತಿಲ್ಲ: ಕಸಬಾ, ತಾಂಬಡಿ ಜೋಗೇಶ್ವರಿ, ಗುರುಜಿ ತಾಲೀಮ್, ತುಳಶಿಬಾಗ್, ಕೇಸರಿವಾಡಾ. ಕಸಬಾ ಗಣಪತಿ ಊರಿನ ಗ್ರಾಮದೈವ, ಜೀಜಾಬಾಯಿಯ ಕಾಲದ್ದು. ಗುರುಜಿ ತಾಲೀಮಿನದ್ದು ಹಿಂದೂ, ಮುಸ್ಲಿಂ ಇಬ್ಬರೂ ಸೇರಿ ಶುರು ಮಾಡಿದ್ದು. ಕೇಸರಿವಾಡಾ ತಿಲಕರ ಮನೆ. ದಗಡೂಶೇಠ್ ಹಲವಾಯಿ ಗಣಪತಿ ಈ ಐದರಲ್ಲಿ ಇಲ್ಲ, ಆದರೆ ಜನ ಅಲ್ಲೇ ಜಾಸ್ತಿ. ಪ್ಲೇಗ್‌ನಲ್ಲಿ ಮಗನನ್ನು ಕಳೆದುಕೊಂಡ ಮಿಠಾಯಿ ವ್ಯಾಪಾರಿಯೊಬ್ಬರು ಕೂರಿಸಿದ ಗಣಪತಿ ಅದು. ಒಂದು ಎಚ್ಚರಿಕೆ: ಸಾರ್ವಜನಿಕ ಗಣೇಶೋತ್ಸವ ಶುರು ಮಾಡಿದವರು ಯಾರು, 1892ರಲ್ಲಿ ಭಾವೂ ರಂಗಾರಿಯವರೋ, 1893ರಲ್ಲಿ ತಿಲಕರೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕಟ್ಟೆ ಮೇಲೆ ಕೂತು ಯಾರಾದರೂ ಕೇಳಿದರೆ ಸುಮ್ನೆ ಚಹಾ ಕುಡಿಯಿರಿ.

ನಿಮಗೆ ಈಗ ಒಂದು ಅನುಕೂಲವಿದೆ, ನಮ್ಮ ಕಾಲದಲ್ಲಿ ಇರಲಿಲ್ಲ. ಪಿಂಪ್ರಿ ಚಿಂಚ್ವಡ್‌ನಿಂದ ಸ್ವಾರಗೇಟಿಗೆ ಹೋಗುವ ಮೆಟ್ರೋ 2024ರಿಂದ ಪೇಠೆಗಳ ಅಡಿಯಲ್ಲೇ ಹಾದುಹೋಗುತ್ತದೆ. ಕಸಬಾ ಪೇಠ್ ಅಥವಾ ಮಂಡಯಿ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಗಣಪತಿಗಳ ನಡುವೆಯೇ ಇರುತ್ತೀರಿ. ಹೋಗುವುದಾದರೆ ಮೊದಲ ನಾಲ್ಕು ದಿನದಲ್ಲಿ, ಬೆಳಿಗ್ಗೆ ಬೇಗ ಹೋಗಿ. ಮನೆಯ ಗೌರಿ ಗಣಪತಿಗಳನ್ನು ನೀರಿಗೆ ಬಿಟ್ಟ ಮೇಲೆ ಎಲ್ಲರೂ ಬೀದಿಗೆ ಬರುತ್ತಾರೆ, ಸಂಜೆಯಾದರೆ ಕಾಲಿಡಲು ಜಾಗವಿರುವುದಿಲ್ಲ. ಚೌತಿಯ ಮರುದಿನ ಋಷಿ ಪಂಚಮಿ. ಅವತ್ತು ಕತ್ತಲಿರುವಾಗಲೇ ಸಾವಿರಾರು ಹೆಂಗಸರು ಸೀರೆ ಉಟ್ಟು ದಗಡೂಶೇಠ್ ಗಣಪತಿಯ ಎದುರು ರಸ್ತೆಯಲ್ಲಿ ಕೂತು ಅಥರ್ವಶೀರ್ಷ ಹೇಳುತ್ತಾರೆ. ನನಗೆ ಪೂಜೆ ಪುನಸ್ಕಾರ ಅಷ್ಟಕ್ಕಷ್ಟೇ. ಆದರೂ ಅಷ್ಟೊಂದು ದನಿ ಒಂದೇ ಸಲ ಏಳುವಾಗ ಮೈ ಜುಮ್ಮೆನ್ನುತ್ತದೆ.

ಢೋಲ್ ಬಗ್ಗೆ ಹೇಳದಿದ್ದರೆ ಪುಣೆಯ ಗಣಪತಿ ಬಗ್ಗೆ ಹೇಳಿದಂತೆಯೇ ಅಲ್ಲ. ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಸಂಜೆ ನದಿ ಪಾತ್ರದಲ್ಲಿ ಢೋಲ್ ತಾಶಾ ಪಥಕಗಳ, ಅಂದರೆ ವಾದ್ಯ ತಂಡಗಳ, ಅಭ್ಯಾಸ ಶುರುವಾಗುತ್ತದೆ. ಕಾಲೇಜು ಹುಡುಗಿಯರು, ಬ್ಯಾಂಕಿನವರು, ಡಾಕ್ಟರುಗಳು ಎಲ್ಲರೂ ಸೊಂಟಕ್ಕೆ ಢೋಲ್ ಕಟ್ಟಿಕೊಳ್ಳುತ್ತಾರೆ. ನನ್ನ ಮಗಳು ಎರಡು ವರ್ಷ ಬಾರಿಸಿದಳು. ಬೆರಳಿಗೆಲ್ಲ ಬ್ಯಾಂಡೇಜು, ಸೊಂಟದ ಮೇಲೆ ಹಗ್ಗದ ಗುರುತು. ಬೈದರೆ ತಾಶಾ ಬಡಿದ ಹಾಗೆ ತಿರುಗಿ ಬೈಯುತ್ತಿದ್ದಳು. ಆದರೆ ಡಿಜೆ ಸ್ಪೀಕರುಗಳ ಗೋಡೆಯ ವಿಷಯ ಬೇರೆ. ಒಂದು ವರ್ಷ ಗಣಪತಿ ಕೂರಿಸುವ ಅಂಥ ಒಂದು ಮಂಡಳದ ಸ್ಪೀಕರುಗಳ ಎದುರು ಸಿಕ್ಕಿಹಾಕಿಕೊಂಡು ಮೂರು ದಿನ ಕಿವಿ ಗುಂಯ್ ಎನ್ನುತ್ತಿತ್ತು. ಮಗುವನ್ನು ಅದರ ಹತ್ತಿರಕ್ಕೂ ಒಯ್ಯಬೇಡಿ. ಢೋಲ್ ನೋಡುವಾಗಲೂ ಅವನ ಕಿವಿಗೆ ಹತ್ತಿ ಇರಲಿ.

ವಿಸರ್ಜನೆಯ ದಿನ ಹೀಗೆ ಮಾಡಿ. ಬೆಳಿಗ್ಗೆ ಒಂಬತ್ತರೊಳಗೆ ಮಂಡಯಿಯ ತಿಲಕ್ ಪ್ರತಿಮೆಯ ಹತ್ತಿರ ಇರಿ. ಮೆರವಣಿಗೆ ಹೊರಡುವುದು ಅಲ್ಲಿಂದಲೇ. ಮೊದಲು ಕಸಬಾ ಗಣಪತಿ, ಪಲ್ಲಕ್ಕಿಯಲ್ಲಿ. ಲಕ್ಷ್ಮೀ ರಸ್ತೆಯ ಉದ್ದಕ್ಕೂ ರಂಗೋಲಿ ಬಿಟ್ಟಿರುತ್ತಾರೆ. ಎರಡು ಗಣಪತಿ ದಾಟಿದ ಮೇಲೆ ಮಗನಿಗೆ ಹಸಿವಾಗುತ್ತದೆ, ವಾಪಸ್ ಬಂದುಬಿಡಿ. ಪೂರ್ತಿ ನೋಡುತ್ತೇನೆ ಅನ್ನಬೇಡಿ. ಮೆರವಣಿಗೆ ಮುಗಿಯಲು 24 ಗಂಟೆಗಿಂತ ಜಾಸ್ತಿ ಬೇಕು. ರಾತ್ರಿ 12ಕ್ಕೆ ಸ್ಪೀಕರ್ ನಿಲ್ಲಿಸಬೇಕು ಎಂದು ನಿಯಮ, ಬೆಳಿಗ್ಗೆ 6ಕ್ಕೆ ಮತ್ತೆ ಶುರು. ನಡುವಿನ ಆ ಹೊತ್ತಿನಲ್ಲಿ ಸದ್ದಿಲ್ಲದೆ ಸಾಲಾಗಿ ನಿಂತ ಗಣಪತಿಗಳನ್ನು ನೋಡಲೆಂದೇ ಹೋಗುವವರೂ ಇದ್ದಾರೆ. ನನ್ನ ಗಂಡ ಅಂಥವರಲ್ಲಿ ಒಬ್ಬರು.

ಎಲ್ಲರೂ ಕೂಗುವ "ಮೋರಯಾ" ಇದೆಯಲ್ಲ, ಅದು ಗಣಪತಿ ಭಕ್ತರಾದ ಸಂತ ಮೋರಯಾ ಗೋಸಾವಿಯವರ ಹೆಸರು. ಅವರ ಸಮಾಧಿ ಚಿಂಚ್ವಡ್‌ನಲ್ಲಿ ಪವನಾ ನದಿಯ ದಂಡೆಯಲ್ಲಿದೆ, ನಿಮ್ಮ ಮನೆಗೆ ಹತ್ತಿರ. ಅವರ ಹಿರಿಯರು ಬೀದರ್ ಕಡೆಯವರು ಎಂಬ ಕಥೆಯೂ ಇದೆ. ಸಾಮಾನ್ಯ ದಿನವೊಂದರಲ್ಲಿ ಹೋಗಿ ಬನ್ನಿ.

ದಹಿ ಹಂಡಿ ನೋಡಬೇಕಾದರೆ ಟಿವಿಯಲ್ಲಿ ಮುಂಬೈಯದ್ದು ನೋಡಿ. ನವರಾತ್ರಿಯಲ್ಲಿ ಚತುಃಶೃಂಗಿ ದೇವಿಯ ಜಾತ್ರೆ ಇದೆ, ಮಗನನ್ನು ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಕೂರಿಸಬಹುದು. ದಸರೆಗೆ ಬನ್ನಿ ಎಲೆ ಹುಡುಕಬೇಡಿ. ಇಲ್ಲಿ ಆಪ್ಟಾ ಎಲೆಯೇ ಬಂಗಾರ, ಕೊಡುವುದು ಬಾಗುವುದು ಎಲ್ಲ ನಮ್ಮ ಹಾಗೆಯೇ. ಜನವರಿ 1ಕ್ಕೆ ಕೋರೆಗಾಂವ್ ಭೀಮಾದ ಜಯಸ್ತಂಭಕ್ಕೆ ನಮಿಸಲು ಲಕ್ಷಗಟ್ಟಲೆ ಜನ ಬರುತ್ತಾರೆ. 1818ರ ಅದೇ ದಿನ ಅಲ್ಲಿ ಪೇಶ್ವೆಯ ಸೈನ್ಯಕ್ಕೂ ಮಹಾರ್ ಸೈನಿಕರಿದ್ದ ಬ್ರಿಟಿಷ್ ಪಡೆಗೂ ಯುದ್ಧ ನಡೆದಿತ್ತು, 1927ರಲ್ಲಿ ಅಂಬೇಡ್ಕರ್ ಅಲ್ಲಿಗೆ ಬಂದಿದ್ದರು. ಅಹಮದ್‌ನಗರ (ಈಗಿನ ಅಹಿಲ್ಯಾನಗರ) ರಸ್ತೆಯಲ್ಲೇ ಆ ಸ್ತಂಭ ಇರುವುದರಿಂದ ಅಲ್ಲಿ ಹೊಸ ವರ್ಷದ ಪ್ರಯಾಣ ಇಟ್ಟುಕೊಳ್ಳಬೇಡಿ.

ದೀಪಾವಳಿಯಲ್ಲಿ ನಿಮ್ಮ ಮಗನಿಗೆ ಒಂದು ಕೆಲಸವಿದೆ. ಇಲ್ಲಿಯ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ, ಕಿಲ್ಲಾ ಅನ್ನುತ್ತಾರೆ. ಕಲ್ಲು ಜೋಡಿಸಿ, ಗೋಣಿಚೀಲ ಹೊದಿಸಿ, ಮೇಲೆ ಕೆಸರು ಮೆತ್ತಬೇಕು. ಅದರ ಮೇಲೆ ಅಳವಿ ಬೀಜವೋ ಸಾಸಿವೆಯೋ ಚೆಲ್ಲಿ ದಿನಾ ನೀರು ಚಿಮುಕಿಸಿದರೆ ಹಬ್ಬಕ್ಕೆ ಹಸಿರು ಹುಲ್ಲಿನ ಹಾಗೆ ಮೊಳಕೆ ಬರುತ್ತದೆ. ತುದಿಯಲ್ಲಿ ಶಿವಾಜಿ ಮಹಾರಾಜರು ಸಿಂಹಾಸನದ ಮೇಲೆ, ಕೆಳಗೆ ಮಾವಳಾ ಸೈನಿಕರು. ಗೊಂಬೆಗಳು ಕಸಬಾ ಪೇಠೆಯ ಕುಂಬಾರವಾಡೆಯಲ್ಲಿ ಸಿಗುತ್ತವೆ. ನಮ್ಮ ಮಗಳ ಕಿಲ್ಲಾದಲ್ಲಿ ಮಾವಳಾಗಳ ಪಕ್ಕ ಒಂದು ಪ್ಲಾಸ್ಟಿಕ್ ಡೈನೋಸಾರ್ ಕೂಡ ಕಾವಲಿಗಿತ್ತು. ನಿಮ್ಮ ಸೊಸೈಟಿಯಲ್ಲಿ ಅಂಗಳವಿಲ್ಲದಿದ್ದರೆ ಪಾರ್ಕಿಂಗಿನ ಮೂಲೆ ಸಾಕು. ಸೆಕ್ರೆಟರಿ ಮರಾಠಿಯವರಾದರೆ ಬೇಡ ಅನ್ನುವುದಿಲ್ಲ. ಬಾಲ್ಯದಲ್ಲಿ ತಾವೂ ಕಟ್ಟಿದವರೇ.

ಡಿಸೆಂಬರಿನಲ್ಲಿ ಸವಾಯಿ, ಅಂದರೆ ಸವಾಯಿ ಗಂಧರ್ವ ಹಿಂದೂಸ್ತಾನಿ ಸಂಗೀತೋತ್ಸವ. ಟಿಕೆಟ್‌ಗೆ ಮೊದಲೇ ದುಡ್ಡು ಎತ್ತಿಡಿ. ಹೆಸರಿನ ಸವಾಯಿ ಗಂಧರ್ವರು ನಮ್ಮ ಕುಂದಗೋಳದ ರಾಮಭಾವು. 1952ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಉತ್ಸವ ಶುರು ಮಾಡಿದವರು ಶಿಷ್ಯ ಭೀಮಸೇನ ಜೋಶಿ, ಗದಗ ಕಡೆಯವರು. 2011ರಲ್ಲಿ ಅವರೂ ಹೋದ ಮೇಲೆ ಉತ್ಸವದ ಹೆಸರಿಗೆ ಅವರ ಹೆಸರೂ ಸೇರಿತು. ಮೊದಲೆಲ್ಲ ರಾತ್ರಿಯಿಡೀ ನಡೆಯುತ್ತಿತ್ತಂತೆ, ಜನ ಕಂಬಳಿ ಹೊದ್ದು ಕೂರುತ್ತಿದ್ದರಂತೆ. ಧ್ವನಿವರ್ಧಕದ ನಿಯಮ ಬಂದ ಮೇಲೆ ಆ ಸುಖ ಹೋಯಿತು. ನನಗೆ ರಾಗಗಳು ತಿಳಿಯುವುದಿಲ್ಲ. ನೆಲದ ಬೈಠಕಿನ ಟಿಕೆಟ್ ತಗೊಂಡು, ಪಕ್ಕದ ಅಜ್ಜ ಯಾವಾಗ ತಲೆದೂಗುತ್ತಾರೋ ಆಗ ನಾನೂ ತೂಗುತ್ತೇನೆ. ಕೊನೆಗೆ ವೇದಿಕೆ ಖಾಲಿಯಾಗಿ, ಸವಾಯಿ ಗಂಧರ್ವರ ಹಳೇ ಧ್ವನಿಮುದ್ರಿಕೆ ಹಾಕುತ್ತಾರೆ. ಅಷ್ಟು ದೊಡ್ಡ ಮಂಟಪ ಉಸಿರು ಬಿಗಿಹಿಡಿದು ಕೇಳುತ್ತದೆ. ಆಮೇಲೆ ಹೊರಗೆ ಬಂದು, ಇವರೆಲ್ಲ ಕನ್ನಡದವರು ಕಣ್ರೀ ಎಂದು ಮಾತ್ರ ಯಾರಿಗೂ ಹೇಳಬೇಡಿ. ಅವರಿಗೆ ಗೊತ್ತಿದೆ. ನಾನು ಮೂರು ವರ್ಷ ಹೇಳಿ ಸುಸ್ತಾದವಳು.

ಇದೆಲ್ಲ ಮುಂದಿನ ಮಾತು. ನಿಮ್ಮ ಮೊದಲ ಹಬ್ಬ ಇನ್ನು ಎರಡು ವಾರದಲ್ಲೇ ಇದೆ, ಪಾಲಖಿ, ಅಂದರೆ ಸಂತರ ಪಾದುಕೆಗಳ ಪಲ್ಲಕ್ಕಿ ಯಾತ್ರೆ. ಜ್ಯೇಷ್ಠ ಬಹುಳ ಸಪ್ತಮಿಗೆ ದೇಹೂವಿನಿಂದ ತುಕಾರಾಮರ ಪಾದುಕೆ, ಅಷ್ಟಮಿಗೆ ಆಳಂದಿಯಿಂದ ಜ್ಞಾನೇಶ್ವರರ ಪಾದುಕೆ ಹೊರಡುತ್ತವೆ. ಆಷಾಢ ಏಕಾದಶಿಗೆ ಪಂಢರಪುರ. ಎರಡೂ ಪುಣೆಯಲ್ಲಿ ಎರಡು ರಾತ್ರಿ ತಂಗುತ್ತವೆ, ತುಕಾರಾಮರದ್ದು ನಾನಾ ಪೇಠೆಯಲ್ಲಿ, ಜ್ಞಾನೇಶ್ವರರದ್ದು ಭವಾನಿ ಪೇಠೆಯಲ್ಲಿ. ಲಕ್ಷಗಟ್ಟಲೆ ವಾರಕರಿಗಳು, ಅಂದರೆ ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ಭಕ್ತರು. ತಲೆ ಮೇಲೆ ತುಳಸಿಕಟ್ಟೆ ಹೊತ್ತ ಅಜ್ಜಿಯರು, ಹರಿದ ಚಪ್ಪಲಿ, ಕೈಯಲ್ಲಿ ತಾಳ. ಊರಿನವರು ಬೀದಿಯಲ್ಲಿ ಕೂತು ಅವರ ಕಾಲು ಒತ್ತುತ್ತಾರೆ, ಚಪ್ಪಲಿ ಹೊಲಿದುಕೊಡುತ್ತಾರೆ, ಪುಕ್ಕಟೆ ಕ್ಷೌರ ಮಾಡುತ್ತಾರೆ. ಐಟಿಯವರದ್ದೇ ಒಂದು ದಿಂಡಿ (ಯಾತ್ರಿಗಳ ತಂಡ) ಆಳಂದಿಯಿಂದ ಪುಣೆ ತನಕ ನಡೆಯುತ್ತದೆ, ನಿಮ್ಮ ಆಫೀಸಿನಲ್ಲೂ ಯಾರಾದರೂ ಇದ್ದಾರು. ಅವರೆಲ್ಲ ನೋಡಲು ಹೊರಟ ವಿಠ್ಠಲನನ್ನು ಜ್ಞಾನೇಶ್ವರರೇ ಕಾನಡಾ, ಅಂದರೆ ಕನ್ನಡದವನು, ಎಂದು ಕರೆದಿದ್ದಾರೆ.

ನಾವು ನಾಲ್ಕು ಮನೆಯವರು ಸೇರಿ ಪ್ರತಿವರ್ಷ ಚಿತ್ರಾನ್ನ ಹಂಚುತ್ತೇವೆ, ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ. ಮೊದಲ ವರ್ಷ ಉತ್ಸಾಹದಲ್ಲಿ ಪಾತ್ರೆ ಹೊತ್ತು ಹಡಪಸರ್ ತನಕ ಹೋಗಿದ್ದೆವು. ಪಾಲಖಿ ದಿವೇ ಘಾಟ್ ಹತ್ತುವ ದಿನ ಅದು. ಒಬ್ಬರೂ ಕೈ ಚಾಚಲಿಲ್ಲ. ಒಬ್ಬ ಅಜ್ಜಿ ನನ್ನ ಕೆನ್ನೆ ಸವರಿ ಹೇಳಿದರು, "ಏಕಾದಶಿ ಆಹೇ ಬಾಳ." ಇವತ್ತು ಏಕಾದಶಿ ಮಗಳೇ, ಉಪವಾಸ ಅಂತ. ಅಷ್ಟೂ ಚಿತ್ರಾನ್ನವನ್ನು ನಾಲ್ಕು ಮನೆಯವರು ಎರಡು ದಿನ ತಿಂದೆವು. ಈಗ ಪಾಲಖಿ ಊರೊಳಗೆ ಬರುವ ದಿನ, ನವಮಿಗೆ ಮಾಡುತ್ತೇವೆ. ಬೆಳಿಗ್ಗೆ ಐದಕ್ಕೆ ಅಡುಗೆ ಶುರು. ಇನ್ನೂರು ನಿಂಬೆಹಣ್ಣು ಹಿಂಡಬೇಕು. ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದು ಮಲಗಿ, ಮಗನನ್ನೂ ಕರೆದುಕೊಂಡು ಬನ್ನಿ. ನಿಮ್ಮ ಯಜಮಾನರಿಗೆ ಹೇಳಿ, ಕಾರು ವಾಕಡ್‌ನಲ್ಲೇ ಇರಲಿ.